ಓಗೊಡದ ವಿಮಾನ

ಹಿನಕಲ್ ಫ್ಲೈಓವರ್ ಕೆಳಗಿನ ಸಿಗ್ನಲ್ಲಿನಲ್ಲಿ ಸ್ಕೂಟರ್ ನಿಲ್ಲಿಸುವಷ್ಟರಲ್ಲಿ ಮಹೇಂದ್ರ ಮನೆಯಿಂದ ಕಟ್ಟಿಕೊಂಡು ಬಂದಿದ್ದ ಮಾತು ಪೂರ್ತಿ ಕೆಟ್ಟುಹೋಗಿತ್ತು. ಶ್ರೀರಾಂಪುರದಲ್ಲಿ ಬಾಗಿಲಿಗೆ ಬೀಗ ಹಾಕುವಾಗ ಅದು ಸರಿಯಾಗಿಯೇ ಇತ್ತು. 'ಆಗಿದ್ದು ಆಗೋಯ್ತು ಅನು, ನಡಿ ಮನೆಗೆ ಹೋಗೋಣ.' ಬೋಗಾದಿ ದಾಟುವಾಗ 'ಆಗಿದ್ದು ಆಗೋಯ್ತು' ಎನ್ನುವುದು ಸಾವಿನ ಮನೆಗೆ ಬಂದ ದೂರದ ನೆಂಟನ ಮಾತಿನ ಹಾಗೆ ಕೇಳಿಸಿ ಅದನ್ನು ತೆಗೆದುಹಾಕಿದ. ಉಳಿದ 'ನಡಿ ಮನೆಗೆ ಹೋಗೋಣ' ಬರೀ ಜಬರ್ದಸ್ತಾಗಿ ಕಂಡಿತು. ಅದರ ಹಿಂದೆ ಮುಂದೆ ಏನಾದರೂ ಸೇರಿಸೋಣವೆಂದರೆ ಹಿಂದಿನ ಕಾರಿನವನು ಕೆಂಪು ದೀಪವಿರುವಾಗಲೇ ಹಾರನ್ ಒತ್ತುತ್ತಿದ್ದ. ಏನು ಅವಸರವೋ ಈ ಜನಕ್ಕೆ, ಭಾನುವಾರ ಕೂಡ. ಆಸ್ಪತ್ರೆಯಿಂದ ನೇರ ತವರಿಗೆ ಹೋಗಿ ಕೂತ ಹೆಂಡತಿಯನ್ನು ಕರೆತರಲು ಹೊರಟವನಿಗೆ ಒಂದು ನೆಟ್ಟಗಿನ ವಾಕ್ಯ ಹೊಳೆಯುವುದಿಲ್ಲವೆಂದರೆ ಅವನು ಇದ್ದೂ ಏನು ಪ್ರಯೋಜನ ಎಂದು ತನ್ನ ಮೇಲೆಯೇ ರೇಗಿತು. ಇವತ್ತು ಬರದಿದ್ದರೆ ಅವಳು ಇನ್ನು ಬರುವುದಿಲ್ಲ. ಅನು ಹಾಗೆಂದು ಬಾಯಿಬಿಟ್ಟು ಹೇಳಿರಲಿಲ್ಲ, ಫೋನಿನಲ್ಲಿ "ಭಾನುವಾರ ಬನ್ನಿ, ಮಾತಾಡ್ಬೇಕು" ಎಂದಿದ್ದಳು ಅಷ್ಟೆ. ಆದರೆ ಆ ದನಿ ಅವನಿಗೆ ಗೊತ್ತಿತ್ತು. ರಸ್ತೆಯಾಚೆಯ ಟೀ ಅಂಗಡಿಯ ಕಡೆ ನೋಡಕೂಡದು ಎಂದುಕೊಂಡೇ ನೋಡಿದ. ಅರ್ಧ ಷಟರ್ ಎಳೆದಿದ್ದರು.

ಅವತ್ತು ಆ ಅಂಗಡಿ ತೆರೆದಿತ್ತು, ಬಿಸಿ ಬಿಸಿ ಬೋಂಡ ಹಾಕುತ್ತಿದ್ದರು. ಅವನ ಕಾರ್ಖಾನೆಯಲ್ಲಿ ವಿಮಾನದ ಮೈಗೆ ಅಂಟಿಸುವ ಒಂದು ಬಗೆಯ ಕಪ್ಪು ಹಾಳೆ ಮಾಡುತ್ತಾರೆ, ರೇಡಾರಿಗೆ ಸಿಕ್ಕಿಬೀಳದಂತೆ ಅಲೆಗಳನ್ನು ನುಂಗುವ ಹಾಳೆ. ಒಳಗೆ ಫೋನ್ ಬಿಡುವುದಿಲ್ಲ. ಬೆಳಿಗ್ಗೆ ಗೇಟಿನ ಪಕ್ಕದ ಲಾಕರಿನಲ್ಲಿಟ್ಟು ಹೋದರೆ ಕೆಲಸ ಮುಗಿದ ಮೇಲೆ ತೆಗೆದುಕೊಳ್ಳುವುದು. ಅವತ್ತು ತೆಗೆದುಕೊಂಡಾಗ ಅನುವಿನ ಮಿಸ್ಡ್ ಕಾಲ್‌ಗಳು ಸಾಲಾಗಿ ಕೂತಿದ್ದವು. ಕೊನೆಯಲ್ಲಿ ಪಕ್ಕದ ಮನೆ ಪ್ರೇಮಲೀಲಾ ಆಂಟಿಯ ಮೆಸೇಜು: 'ಅನುಗೆ ತುಂಬಾ ರಕ್ತ ಹೋಗ್ತಿದೆ, ಆಸ್ಪತ್ರೆಗೆ ಕರ್ಕೊಂಡು ಬಂದಿದೀನಿ, ಬೇಗ ಬನ್ನಿ.' ಓದಿದ. ಚೆನ್ನಾಗಿಯೇ ಓದಿದ. ಎಷ್ಟೋ ವರ್ಷದ ಮೇಲೆ ಅವಳ ಹೊಟ್ಟೆಯಲ್ಲಿ ನಿಂತಿದ್ದದ್ದು; ಮೂರು ತಿಂಗಳು ತುಂಬುವವರೆಗೆ ಯಾರಿಗೂ ಹೇಳುವುದು ಬೇಡವೆಂದು ಅತ್ತೆ ಮಂಗಳಮ್ಮ ಮಗಳ ಬಾಯಿಗೆ ಬೀಗ ಹಾಕಿದ್ದರು, ಆ ಬೀಗ ತೆಗೆದು ಇನ್ನೂ ಒಂದು ವಾರವಾಗಿರಲಿಲ್ಲ. ಫೋನನ್ನು ಜೇಬಿಗೆ ಹಾಕಿಕೊಂಡ. ಜೊತೆಗೆ ಕೆಲಸ ಮಾಡುವ ಲೋಕೇಶ್ "ಟೀ ಕುಡ್ಯೋಣ ಬಾರೋ" ಎಂದಾಗ ನಡೆದ. ಕುಡಿದ. ಇನ್ನೊಂದು ಹೇಳಿದ. ಲೋಕೇಶ್ ಹೊಸ ಮೇನೇಜರನ್ನು ಬಯ್ಯುತ್ತಿದ್ದ, ಇವನೂ ಸೇರಿಕೊಂಡು ಬಯ್ದ, ನಕ್ಕ ಕೂಡ. ತೊಡೆಯ ಹತ್ತಿರ ಫೋನು ಒಂದೇ ಸಮನೆ ನಡುಗುತ್ತಿತ್ತು. ಎತ್ತದಿರುವವರೆಗೂ ಏನೂ ಆಗಿರುವುದಿಲ್ಲ, ಎತ್ತಿದ ಕ್ಷಣ ಆಗಿಬಿಟ್ಟಿರುತ್ತದೆ. ಅಂಥದ್ದೊಂದು ಹುಚ್ಚು ಲೆಕ್ಕ ಅವನ ತಲೆಯಲ್ಲಿ ಓಡುತ್ತಿತ್ತೆಂದು ಈಗ ಹೇಳಿದರೆ ಯಾರು ನಂಬುತ್ತಾರೆ. ಆಸ್ಪತ್ರೆ ತಲುಪಿದಾಗ ಕತ್ತಲಾಗಿತ್ತು. ಅವನು ಏನೂ ಹೇಳುವ ಮೊದಲೇ ಅವನ ಮಾವ "ಪಾಪ, ಅವರ್ಗೆ ಫೋನೇ ಕೊಡಲ್ಲ ಒಳಗೆ" ಎಂದು ನರ್ಸಿಗೆ ವಿವರಿಸುತ್ತಿದ್ದರು. ಅವನು ಸುಮ್ಮನೆ ತಲೆ ಆಡಿಸಿದ. ಸುಳ್ಳು ಹೇಳುವ ಪ್ರಮೇಯವೇ ಬರಲಿಲ್ಲ.

ಸಿಗ್ನಲ್ ಬಿಟ್ಟಿತು. ಹುಣಸೂರು ರಸ್ತೆಯಲ್ಲಿ ಬಿಸಿಲು ಚುರುಗುಟ್ಟದ ಡಿಸೆಂಬರಿನ ಗಾಳಿ. ಇಲವಾಲದ ಅಂಗಡಿ ಸಾಲು ದಾಟಿ ಮಾವನ ಮನೆ ಮುಂದೆ ಸ್ಕೂಟರ್ ನಿಲ್ಲಿಸಿದಾಗ ಮೊದಲು ಕಣ್ಣಿಗೆ ಬಿದ್ದದ್ದು ಜಗಲಿಯ ಮೇಲಿದ್ದ ಅನುವಿನ ನೀಲಿ ಬ್ಯಾಗು. ಜಿಪ್ ಹಾಕಿತ್ತು. ಪಕ್ಕದಲ್ಲಿ ಅವಳ ಚಪ್ಪಲಿ. ಅವನ ಎದೆಯಿಂದ ಏನೋ ಇಳಿದು ಹೋಯಿತು. ಬರಲು ತಯಾರಾಗಿದ್ದಾಳೆ, ಇನ್ನೇನು, ಅಷ್ಟಕ್ಕೆ ಸುಮ್ಮನೆ ದಾರಿಯುದ್ದಕ್ಕೂ ತಲೆ ಕೆಡಿಸಿಕೊಂಡೆ. ಅದರ ಹಿಂದೆಯೇ ಇನ್ನೊಂದು ಯೋಚನೆಯೂ ಬಂತು, ಹಾಗಾದರೆ ಹೇಳುವ ಅಗತ್ಯವೂ ಇಲ್ಲ. ಅನು ಹಜಾರದ ನೆಲದ ಮೇಲೆ ಕೂತು ಅವರೆಕಾಳು ಹಿತುಕುತ್ತಿದ್ದಳು. ಮುಖ ಸೊರಗಿತ್ತು, ಬಳೆ ಮೊಣಕೈವರೆಗೂ ಜಾರುತ್ತಿತ್ತು. ಅವನು ಹಣ್ಣಿನ ಚೀಲ ಕೊಟ್ಟ. "ಇದ್ಯಾಕೆ ತಂದ್ರಿ" ಎಂದು ಮಂಗಳಮ್ಮ ಸೆರಗು ಸರಿಮಾಡಿಕೊಂಡು ಇಸಿದುಕೊಂಡರು. ಅನು ತಲೆ ಎತ್ತಿ "ಬಂದ್ರಾ" ಎಂದಳು. "ಹ್ಞೂಂ" ಎಂದ. ಕಟ್ಟಿಕೊಂಡು ಬಂದಿದ್ದ ಮಾತಿನಲ್ಲಿ ಉಳಿದದ್ದು ಅಷ್ಟೇ.

ಮಾವ ಜವರಪ್ಪ ಟೀವಿ ಮುಂದೆ ಇದ್ದರು, ಜೊತೆಗೆ ಅವರ ಜೊತೆಗಾರ ಬೀರಯ್ಯ. ಟೀವಿಯಲ್ಲಿ ಯಾವುದೋ ದೇಶ ಯಾವುದೋ ದೇಶದ ಮೇಲೆ ಬಾಂಬು ಹಾಕಿದ್ದನ್ನು ತೋರಿಸುತ್ತ ಒಬ್ಬಳು ಉಸಿರು ಕಟ್ಟಿ ಕಿರುಚುತ್ತಿದ್ದಳು. ಬಾವಲಿಯಂಥ ಕಪ್ಪು ವಿಮಾನವೊಂದು ಮತ್ತೆ ಮತ್ತೆ ಅದೇ ಮೋಡವನ್ನು ಹಾಯುತ್ತಿತ್ತು. "ಸರ್ಯಾದ್ ಟೇಮಿಗೆ ಬಂದ್ರಿ ಅಳಿಯಂದ್ರೆ. ಬೀರಯ್ಯ, ನೋಡಪ್ಪ, ಈ ಇಮಾನ ಮಾಡೋರೇ ಇಲ್ಲೇ ಅವ್ರೆ" ಎಂದು ಜವರಪ್ಪ ಎದ್ದು ಕುರ್ಚಿ ಬಿಟ್ಟುಕೊಟ್ಟರು. "ಮಾಡೋದಲ್ಲ ಮಾವ, ಅದರ ಒಂದು ಹಾಳೆ..." ಎಂದು ಶುರುಮಾಡಿ ಬಿಟ್ಟುಬಿಟ್ಟ. ಎಷ್ಟು ಸಲ ಹೇಳುವುದು. ಹಾಳೆಯ ದಪ್ಪ ಅಳೆದು ಸಹಿ ಹಾಕುವವನನ್ನು ಈ ಮನೆಯಲ್ಲಿ ವಿಜ್ಞಾನಿ ಎನ್ನುತ್ತಾರೆ. ಮದುವೆಗೆ ಕರೆದಲ್ಲೆಲ್ಲ ಮುಂದಿನ ಸಾಲಿನಲ್ಲಿ ಕೂರಿಸುತ್ತಾರೆ. "ನಾನು ಅನುಗೂ ಅದ್ನೇ ಅಂದಿದ್ದು ಬೀರಯ್ಯ. ಬಾರ್ಡರ್‌ನಲ್ಲಿ ಕಾಯೋ ಸಿಪಾಯಿ ಹೆಂಡ್ತಿ ಏನ್ಮಾಡ್ತಾಳೆ, ಗಂಡ ಫೋನ್ ಎತ್ಲಿಲ್ಲ ಅಂತ ಮುನಿಸ್ಕೊಂಡು ಕೂತ್ರೆ ಆಯ್ತದ? ದೇಸದ ಕೆಲ್ಸ ಅದು. ಇವ್ರು ಮನಸ್ನಲ್ಲಿ ಎಷ್ಟ್ ನೊಂದ್ಕಂಡ್ರೋ ಆವತ್ತು, ನಂಗೊತ್ತು ಬುಡು." ಮಹೇಂದ್ರನಿಗೆ ಆ ಮುದುಕರ ಮೇಲೆ ಎಲ್ಲಿಲ್ಲದ ಕೋಪ ಬಂತು. ಇಷ್ಟು ಒಳ್ಳೆಯವರಾಗಿರಲು ಇವರಿಗೆ ಯಾರು ಹೇಳಿದರು. ಎರಡು ಬಯ್ದಿದ್ದರೆ, 'ಎಲ್ಲಿ ಸತ್ತಿದ್ದೆ ಅವತ್ತು' ಎಂದು ಕೇಳಿದ್ದರೆ, ಅವನಾದರೂ ಏನಾದರೂ ಹೇಳಿಬಿಡುತ್ತಿದ್ದನೇನೊ. ಹೊಗಳುವವರ ಎದುರು ಬಾಯಿ ತೆರೆಯಲು ಜಾಗವೇ ಇರುವುದಿಲ್ಲ. ಅನುವಿನ ಬೆರಳುಗಳು ಅವರೆಕಾಳನ್ನು ಹಿತುಕುವುದು ನಿಲ್ಲಿಸಲಿಲ್ಲ. ಬೇಳೆ ಪಾತ್ರೆಗೆ ಬೀಳುವ ಸದ್ದು ಟೀವಿಯ ಕಿರುಚಾಟದ ನಡುವೆಯೂ ಅವನಿಗೆ ಕೇಳಿಸುತ್ತಿತ್ತು.

"ಅಲ್ಲ ಅಳಿಯಂದ್ರೆ, ಅಷ್ಟ್ ದೊಡ್ಡ ಇಮಾನ ಆಕಾಸ್ದಲ್ಲಿ ಓಯ್ತಿದ್ರೆ ಯಾರ್ಗೂ ಕಾಣಕಿಲ್ವ? ಅದೆಂಗೆ?" ಎಂದರು ಬೀರಯ್ಯ.

ಅವನಿಗೆ ಸಮಾಧಾನವಾಯಿತು. ಇದಾದರೆ ಹೇಳಬಹುದು. ಪುಸ್ತಕದಲ್ಲಿರುವಷ್ಟನ್ನು ಹೇಳಲು ಕಾರ್ಖಾನೆಯದ್ದೂ ಅಡ್ಡಿಯಿಲ್ಲ. "ಕಣ್ಣಿಗೆ ಕಾಣುತ್ತೆ ಬೀರಯ್ಯನೋರೆ. ಹಗಲಲ್ಲಿ ತಲೆ ಮೇಲೇ ಹೋದ್ರೆ ನೀವೂ ನೋಡ್ಬಹುದು. ಸಿಕ್ಕದೆ ಇರೋದು ರೇಡಾರಿಗೆ. ರೇಡಾರ್ ನೋಡಲ್ಲ, ಕೂಗುತ್ತೆ."

"ಕೂಗುತ್ತಾ?"

"ಹ್ಞೂಂ. ನೀವು ಕಬ್ಬಿನ ಗದ್ದೆ ಬದೂಲಿ ನಿಂತ್ಕೊಂಡು 'ಜವರಣ್ಣ' ಅಂತ ಕೂಗ್ತೀರ ಅನ್ಕೊಳ್ಳಿ. ಕಬ್ಬು ಆಳೆತ್ತರ, ಮಾವ ಕಾಣಲ್ಲ. ಆದ್ರೆ ಒಳಗಿಂದ 'ಓ' ಅಂತಾರೆ. ಆ 'ಓ' ಯಾವ ಕಡೆಯಿಂದ ಬಂತು, ಎಷ್ಟು ದೂರದಿಂದ ಬಂತು ಅನ್ನೋದ್ರ ಮೇಲೆ ಎಲ್ಲಿದಾರೆ ಅಂತ ತಿಳ್ಕೋತೀರ. ರೇಡಾರ್ ಅಲೆ ಬಿಡೋದು ಅಂದ್ರೆ ಕೂಗಿದ ಹಾಗೆ. ಅದು ವಿಮಾನಕ್ಕೆ ತಾಗಿ ವಾಪಸ್ ಬರುತ್ತಲ್ಲ, ಅದೇ ವಿಮಾನದ 'ಓ'."

"ಈ ಇಮಾನ ಓಗೊಡಕಿಲ್ಲ ಅನ್ನಿ."

"ಅಷ್ಟೇ ವಿಷಯ. ಓಗೊಡದೆ ಇದ್ರೆ ಇಲ್ಲ ಅಂತ್ಲೇ ಲೆಕ್ಕ."

"ಅಂಗಾರೆ ನಮ್ಮೂರ್ ಮೆಂಬ್ರು ಇದ್ದಂಗೆ ಬುಡಿ. ಓಟ್ ಆದ್ಮೇಲೆ ಬೀದೀಲಿ ನಿಂತ್ಕಂಡು ಎಷ್ಟ್ ಬಾಯ್ ಬಡ್ಕಂಡ್ರೂ ಓ ಅನ್ನಕಿಲ್ಲ ಬಡ್ಡೀಮಗ."

ಜವರಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಹೇಂದ್ರನೂ ನಕ್ಕ. ಮಾತು ತಾನಾಗಿಯೇ ಬರುತ್ತಿತ್ತು. ಟೀಪಾಯಿಯ ಮೇಲಿದ್ದ ಸ್ಟೀಲ್ ತಟ್ಟೆಯನ್ನು ಎತ್ತಿಕೊಂಡು ಬಾಗಿಲಿನಿಂದ ಬೀಳುತ್ತಿದ್ದ ಬಿಸಿಲಿಗೆ ಹಿಡಿದ. "ನೋಡಿ, ನೆಟ್ಟಗೆ ಹಿಡಿದ್ರೆ ಬೆಳಕು ಬಂದ ದಾರೀಲೇ ವಾಪಸ್ ಹೋಗುತ್ತೆ. ಮಾಮೂಲಿ ವಿಮಾನ ದುಂಡಗೆ ಇರೋದ್ರಿಂದ ಎಲ್ಲಿಂದ ಕೂಗಿದ್ರೂ ಒಂಚೂರಾದ್ರೂ ವಾಪಸ್ ಹೋಗೇ ಹೋಗುತ್ತೆ. ಇದರ ಮೈಯೆಲ್ಲ ಓರೆ. ಹೀಗೆ." ತಟ್ಟೆಯನ್ನು ಓರೆ ಮಾಡಿದ. ಬೆಳಕಿನ ಬಿಲ್ಲೆ ಗೋಡೆಯ ಮೇಲೆ ಓಡಿತು. "ಬಂದಿದ್ದನ್ನ ತಡೆಯಲ್ಲ, ವಾಪಸ್ಸೂ ಕೊಡಲ್ಲ, ಪಕ್ಕಕ್ಕೆ ತಳ್ಳುತ್ತೆ. ಇನ್ನೂ ಉಳಿದ ಚೂರುಪಾರನ್ನ ನಮ್ಮ ಹಾಳೆ ನುಂಗ್ಬಿಡುತ್ತೆ, ಅದು ಒಳಗೇ ಬಿಸಿಯಾಗಿ ಆರಿಹೋಗುತ್ತೆ. ಎಂಜಿನ್ನು ಹೊಟ್ಟೆಯೊಳಗೆ ಅಡಗಿರುತ್ತೆ, ಬಾಂಬೂ ಒಳಗೇ. ಹಿಂದಿಂದ ಬರೋ ಬಿಸಿಗೆ ತಣ್ಣಗಿನ ಗಾಳಿ ಬೆರೆಸಿ ಬಿಡ್ತಾರೆ. ಎಲ್ಲಕ್ಕಿಂತ ಮುಖ್ಯ, ಅದು ತಾನಾಗಿ ಮಾತಾಡ್ಬಾರ್ದು. ಶತ್ರು ಹತ್ರ ಬಂದಾಗ ತನ್ನ ರೇಡಿಯೋ, ರೇಡಾರು ಎಲ್ಲಾ ಆದಷ್ಟೂ ಮುಚ್ಕೊಂಡಿರುತ್ತೆ."

ಹೇಳುತ್ತ ಹೇಳುತ್ತ ತನ್ನ ದನಿಯನ್ನು ತಾನೇ ಕೇಳಿಸಿಕೊಂಡ. ಈ ಹುರುಪಿನಲ್ಲಿ ತಾನು ಮನೆಯಲ್ಲಿ ಕೊನೆಗೆ ಮಾತಾಡಿದ್ದು ಯಾವಾಗ. ಕೆಲಸದ ವಿಚಾರ ಮನೆಯಲ್ಲಿ ಆಡಕೂಡದು ಎಂದು ಸೇರಿದ ದಿನವೇ ಸಹಿ ಹಾಕಿಸಿಕೊಂಡಿದ್ದರು. ಮೊದಮೊದಲು ಅನುವಿಗೆ ಹೇಳಲಾರದೆ ಒದ್ದಾಡುತ್ತಿದ್ದ. ಆಮೇಲೆ ಅದು ಹಾಯೆನಿಸತೊಡಗಿತು. ಕೆಲಸದ ವಿಚಾರದಿಂದ ಸಂಬಳದ ವಿಚಾರಕ್ಕೆ, ಅಲ್ಲಿಂದ ತಲೆನೋವಿಗೆ, ಅಲ್ಲಿಂದ ಇಷ್ಟವೋ ಇಲ್ಲವೋ ಎನ್ನುವುದಕ್ಕೂ ಆ ಸಹಿ ಹಬ್ಬಿಕೊಂಡಿತು. ಅವಳು ಏನು ಕೇಳಿದರೂ ಅವನ ಬಳಿ ಓರೆ ಮಾತುಗಳು ಸಿದ್ಧವಿದ್ದವು. ನೋಡೋಣ. ಆಮೇಲೆ ಹೇಳ್ತೀನಿ. ನಿಂಗೆ ಹೆಂಗನ್ಸುತ್ತೋ ಹಂಗ್ಮಾಡು. ಸ್ಕ್ಯಾನಿಂಗಿಗೆ ಜೊತೆಗೆ ಬನ್ನಿ ಎಂದು ಅವಳು ಕರೆದಾಗಲೂ 'ನೋಡೋಣ' ಎಂದಿದ್ದ. ಒಮ್ಮೆ ಅವಳು ಅಡುಗೆಮನೆಯಿಂದ "ಗೋಡೆ ಹತ್ರ ಮಾತಾಡಿದ್ರೆ ಅದಾದ್ರೂ ವಾಪಸ್ ಅನ್ನುತ್ತೆ ಕಣ್ರೀ" ಎಂದಿದ್ದಳು. ಕಾರ್ಖಾನೆಯಲ್ಲಿ ಒಂದು ಕೋಣೆಯಿದೆ. ಗೋಡೆ, ಸೂರು, ನೆಲವೆಲ್ಲ ಮೊನಚು ಮೊನಚಾದ ಕಪ್ಪು ಸ್ಪಂಜು, ಅಲೆಯೊಂದೂ ಮರಳದಂತೆ. ಹಾಳೆಯನ್ನು ಅಲ್ಲಿಟ್ಟು ಪರೀಕ್ಷೆ ಮಾಡುತ್ತಾರೆ. ಹುಡುಗರು ಅದನ್ನು ಮೂಕಕೋಣೆ ಎನ್ನುತ್ತಾರೆ. ಅಲ್ಲಿ ಕೆಮ್ಮಿದರೂ ಕೆಮ್ಮು ಬಾಯಿಯ ಹತ್ತಿರವೇ ಸತ್ತುಹೋಗುತ್ತದೆ. ಮಿಕ್ಕವರು ಐದು ನಿಮಿಷಕ್ಕೆ ತಲೆ ಸುತ್ತುತ್ತದೆಂದು ಹೊರಗೆ ಓಡಿಬರುತ್ತಾರೆ, ಅವನಿಗೆ ಮಾತ್ರ ಅಲ್ಲಿ ನಿದ್ದೆ ಬರುವಷ್ಟು ನೆಮ್ಮದಿ. ಇದನ್ನು ಅನುವಿಗೆ ಹೇಳಬಹುದಾಗಿತ್ತು, ಇದರಲ್ಲೇನೂ ಗುಟ್ಟಿರಲಿಲ್ಲ. ಹೇಳಿರಲಿಲ್ಲ.

"ಪಕ್ಕಕ್ಕೆ ಹೋಗಿದ್ದು ಏನಾಗುತ್ತೆ?"

ಅನು ಎದ್ದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅವನ ಕೈಯ ತಟ್ಟೆಯಿಂದ ಚಿಮ್ಮಿದ ಬೆಳಕು ಅವಳ ಕೆನ್ನೆಯ ಮೇಲೆ ಬಿದ್ದಿತ್ತು, ಕಣ್ಣು ಕಿರಿದು ಮಾಡಿಕೊಂಡಿದ್ದಳು. ಬಂದಾಗಿನಿಂದ ಅವಳಾಗಿ ಕೇಳಿದ ಮೊದಲ ಮಾತು. ಅವನಿಗೆ ಖುಷಿಯೇ ಆಯಿತು.

"ಒಳ್ಳೇ ಪ್ರಶ್ನೆ. ಅದು ಕಳೆದೋಗಲ್ಲ, ಪಕ್ಕಕ್ಕೆ ಹೋಗ್ತಾನೇ ಇರುತ್ತೆ. ಕೂಗಿದವನಿಗೆ ಕೇಳಲ್ಲ. ಆದ್ರೆ ಅಲ್ಲಿ ಪಕ್ಕದಲ್ಲಿ ಬೇರೆ ಯಾರಾದ್ರೂ ಕಿವಿ ಕೊಟ್ಕೊಂಡು ನಿಂತಿದ್ರೆ ಅವರಿಗೆ ಕೇಳುತ್ತೆ. ಅಂಥ ರೇಡಾರೂ ಇದೆ. ಒಂದು ಕಡೆಯಿಂದ ಕೂಗೋದು, ಇನ್ನೊಂದು ಕಡೆ ಕೇಳಿಸ್ಕೊಳ್ಳೋದು."

"ಆವಾಗ ಸಿಕ್ಕಾಕೊಳ್ಳುತ್ತಾ?"

"ಸಿಕ್ಕಾಕೊಳ್ಳೋ ಸಾಧ್ಯತೆ ಜಾಸ್ತಿ. ವಿಮಾನಕ್ಕೆ ಅದು ಗೊತ್ತೂ ಆಗಲ್ಲ, ಯಾರು ಕೇಳಿಸ್ಕೊಂಡ್ರು ಅಂತ."

"ಹೌದಾ" ಎಂದಳು ಅನು. ಕಾಫಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಮಂಗಳಮ್ಮ ನಾಟಿಕೋಳಿ ಸಾರು, ಮುದ್ದೆ, ಮೇಲೆ ಹಿತಕವರೆ ಗೊಜ್ಜು ಮಾಡಿದ್ದರು. ಬೀರಯ್ಯ ಊಟಕ್ಕೆ ನಿಲ್ಲದೆ ಹೋದರು. ಅಳಿಯನಿಗೆ ಎರಡನೆಯ ಮುದ್ದೆ ಇಡುತ್ತ ಮಂಗಳಮ್ಮ, ಮನೆಗೆ ಹೋದ ಮೇಲೆ ಅನು ಭಾರ ಎತ್ತಬಾರದು, ತಣ್ಣೀರಲ್ಲಿ ಬಟ್ಟೆ ಒಗೆಯಬಾರದು ಎಂದೆಲ್ಲ ಹೇಳಿದರು. ಅವನು ಪ್ರತಿಯೊಂದಕ್ಕೂ "ಆಯ್ತು ಅತ್ತೆ" ಎಂದ. ಊಟ ಗಂಟಲಲ್ಲಿ ಸಲೀಸಾಗಿ ಇಳಿಯುತ್ತಿತ್ತು. ಎಲ್ಲ ಸರಿಹೋಗುತ್ತಿದೆ. ಸಂಜೆಯೊಳಗೆ ಶ್ರೀರಾಂಪುರ. ಇನ್ನು ಮೇಲೆ ಬೇರೆ ಥರ ಇರಬೇಕು, ಕೇಳಿದ್ದಕ್ಕೆಲ್ಲ ನೆಟ್ಟಗೆ ಉತ್ತರ ಹೇಳಬೇಕು, ನಾಳೆಯಿಂದ. ಹಿತ್ತಲಿಗೆ ಹೋಗಿ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದಾಗ ಅನು ಟವೆಲ್ ಹಿಡಿದು ಬಂದಳು. ಕೊಡಲಿಲ್ಲ, ಹಿಡಿದುಕೊಂಡೇ ನಿಂತಳು.

"ಅವತ್ತು ಫೋನ್ ನಿಮ್ಮ ಕೈಗೆ ಯಾವಾಗ ಬಂತು?"

"ಕೆಲ್ಸ ಮುಗಿದ್ಮೇಲೇ ಅಲ್ವಾ ಕೊಡೋದು. ರೂಲ್ಸ್ ಗೊತ್ತಲ್ಲ ನಿಂಗೆ."

"ಬಂದ ಮೇಲೆ?"

"ಬಂದ ಮೇಲೆ ಇನ್ನೇನು. ಆ ಹೊತ್ನಲ್ಲಿ ರಿಂಗ್ ರೋಡ್ ಹೆಂಗಿರುತ್ತೆ ಅಂತ ನೋಡಿದೀಯಲ್ಲ."

ಒಂದೊಂದೂ ನಿಜ. ಒಂದರಲ್ಲೂ ಸುಳ್ಳಿಲ್ಲ. ನಲ್ಲಿ ನಿಲ್ಲಿಸಿದ ಮೇಲೂ ತೊಟ್ಟಿಕ್ಕುತ್ತಿತ್ತು, ಮತ್ತೆ ತಿರುಗಿಸಿ ಬಿಗಿ ಮಾಡಿದ.

"ಅವತ್ತು ಸಂಜೆ ನಿಶ್ಚಿತಾ ಬಂದಿದ್ಳು ಆಸ್ಪತ್ರೆಗೆ" ಎಂದಳು ಅನು. ನಿಶ್ಚಿತಾ ಎಂದರೆ ಲೋಕೇಶನ ಹೆಂಡತಿ. "ಪ್ರೇಮಲೀಲಾ ಆಂಟಿ ಫೋನ್ ಮಾಡಿದ್ರಂತೆ, ಮನೆ ಹತ್ರಾನೇ ಅಲ್ವಾ, ಓಡಿ ಬಂದ್ಳು. ಬಂದವಳೇ, 'ಮಹೇಂದ್ರಣ್ಣ ಇನ್ನೂ ಬಂದಿಲ್ವಾ, ನಮ್ಮನೆಯವರ ಜೊತೆ ಹಿನಕಲ್‌ನಲ್ಲಿ ಟೀ ಕುಡೀತಿದ್ರಂತೆ, ಆಂಟಿ ಫೋನ್ ಬರೋಕೆ ಸ್ವಲ್ಪ ಮುಂಚೆ ಮಾಡಿದ್ರು ನಮ್ಮವರು' ಅಂದ್ಳು. ಪಾಪ, ಅವಳಿಗೆ ಏನೂ ಗೊತ್ತಿಲ್ಲ."

ಮಹೇಂದ್ರನ ಕೈಯಿಂದ ನೀರು ಇಳಿದು ಮೊಣಕೈಯಲ್ಲಿ ತಣ್ಣಗಾಯಿತು. ಅಷ್ಟು ದಿನದಿಂದ ಇವಳಿಗೆ ಗೊತ್ತು. ಮಾವ ಹೊಗಳುವಾಗ ಗೊತ್ತು. ತಾನು ತಟ್ಟೆ ಹಿಡಿದು ಪಾಠ ಹೇಳುವಾಗ ಗೊತ್ತು. ಥೂ, ಎಂಥ ನಾಚಿಕೆಗೇಡು. ಬಾಯಿ ತೆರೆದಾಗ ಬಂದದ್ದು, "ಲೋಕೇಶ ಬಿಡ್ಲಿಲ್ಲ ಕಣೇ, ಬಲವಂತ ಮಾಡ್ದ."

ಅನು ಅವನನ್ನೇ ನೋಡಿದಳು. ಬಯ್ಯುತ್ತಾಳೆಂದುಕೊಂಡ, ಅಳುತ್ತಾಳೆಂದುಕೊಂಡ. "ನಾನು ಬಾಗಿಲು ನೋಡ್ಕೊಂಡು ಮಲಗಿದ್ದೆ" ಎಂದಳು, ಸಾಧಾರಣ ದನಿಯಲ್ಲಿ. "ಯಾರ ಹೆಜ್ಜೆ ಸದ್ದಾದ್ರೂ ನೀವೇ ಅನ್ಕೋತಿದ್ದೆ. ನಿಶ್ಚಿತಾ ಹೇಳಿದ್ಮೇಲೆ ಗೋಡೆ ಕಡೆ ತಿರುಗ್ಕೊಂಡೆ. ಆಮೇಲೆ ಅದು ಹೋಯ್ತು. ಇವತ್ತು ನೀವಾಗೇ ಹೇಳ್ತೀರ ಅಂತ ಬ್ಯಾಗ್ ಕಟ್ಟಿಟ್ಟಿದ್ದೆ. ಹೇಳಿದ್ರೆ ಸಾಕಿತ್ತು, ನಾನೇನೂ ಕೇಳ್ತಿರ್ಲಿಲ್ಲ."

ಆಗ ಅದು ನಾಲಿಗೆಯ ತುದಿಗೆ ಬಂತು, ನಿಜವಾಗಿಯೂ ಬಂತು. ಭಯವಾಯಿತು ಅನು. ಫೋನು ಎತ್ತಿದರೆ ಇಲ್ಲವೆನ್ನುತ್ತಾರೆ, ಎತ್ತದಿದ್ದರೆ ಇನ್ನೂ ಇದೆ; ಅಲ್ಲಿ ಟೀ ಕುಡಿಯುತ್ತ ನಿಂತಿದ್ದಷ್ಟು ಹೊತ್ತೂ ನಾನು ಅದನ್ನು ಉಳಿಸಿಕೊಂಡಿದ್ದೇನೆ ಅಂದುಕೊಂಡಿದ್ದೆ, ನಿನ್ನನ್ನು ಒಬ್ಬಳನ್ನೇ ಬಿಟ್ಟಿದ್ದೇನೆ ಅಂತ ಹೊಳೆಯಲೇ ಇಲ್ಲ. ಇಷ್ಟೇ ಹೇಳಬೇಕಾಗಿದ್ದದ್ದು. ಶ್ರೀರಾಂಪುರದಿಂದ ಇಲ್ಲಿಯವರೆಗೂ ಹುಡುಕಿದ ವಾಕ್ಯ ಇದೇ ಎಂದೂ ತಿಳಿಯಿತು. ತುಟಿ ಅಲುಗಿತು. ಅವಳ ಮುಖದಲ್ಲಿ ಏನೋ ಕಾಯುತ್ತಿತ್ತು, ಅವನು ಅದನ್ನು ಕಂಡ. ಅಷ್ಟರಲ್ಲಿ ಹಜಾರದಿಂದ ಜವರಪ್ಪ ಕರೆದರು, "ಅಳಿಯಂದ್ರೆ, ಎಲೆ ಅಡಿಕೆ ಹಾಕ್ಕೊಳ್ಳಿ ಬನ್ನಿ."

"ಓ, ಬಂದೆ ಮಾವ" ಎಂದ. ಅವನು ಅಂದುಕೊಳ್ಳುವ ಮೊದಲೇ ಬಾಯಿ ಅಂದಿತ್ತು. ಕಾಲೂ ಹೊರಟಿತ್ತು. ಬಾಗಿಲು ದಾಟುವಾಗ ತಿರುಗಿ ನೋಡಿದ. ಅನು ಟವೆಲನ್ನು ಮಡಿಸಿ ತಂತಿಯ ಮೇಲೆ ಹಾಕುತ್ತಿದ್ದಳು.

ಎಲೆ ಹಾಕಿಕೊಂಡದ್ದು, ಜವರಪ್ಪ ಇನ್ನೇನೋ ಕೇಳಿದ್ದು, ತಾನು ಇನ್ನೇನೋ ಹೇಳಿದ್ದು ಅವನಿಗೆ ನೆನಪಿನಲ್ಲಿ ಉಳಿಯಲಿಲ್ಲ. ಹೊರಡುವ ಹೊತ್ತಿಗೆ ಮಂಗಳಮ್ಮ ಅವರೆಕಾಯಿ ಕಟ್ಟಿದ ಚೀಲ ಹಿಡಿದು ಜಗಲಿಗೆ ಬಂದರು. ಜಗಲಿಯ ಮೇಲೆ ನೀಲಿ ಬ್ಯಾಗಿರಲಿಲ್ಲ. "ಅನು, ಎಲ್ಲವ್ವ ನಿನ್ ಬ್ಯಾಗು" ಎಂದರು. "ಒಳಗಿಟ್ಟಿದೀನಿ. ನಾನು ಹೋಗ್ತಿಲ್ಲ" ಎಂದಳು ಅನು. ಜವರಪ್ಪ ಮಗಳ ಮುಖ ನೋಡಿದರು, ಅಳಿಯನ ಮುಖ ನೋಡಿದರು. ಅಡಿಕೆ ಅಗಿಯುವುದನ್ನೇ ನಿಲ್ಲಿಸಿದರು. "ಇನ್ನೂ ಸುಸ್ತದೆ ಅವ್ಳಿಗೆ, ನಾಲ್ಕ್ ದಿನ ಕಳೀಲಿ ಬುಡಿ" ಎಂದು ಮಂಗಳಮ್ಮ ಯಾರಿಗೆಂದಿಲ್ಲದೆ ಹೇಳಿ, ಅವರೆಕಾಯಿಯ ಚೀಲವನ್ನು ತಾವೇ ಸ್ಕೂಟರಿನ ಕೊಕ್ಕೆಗೆ ಸಿಕ್ಕಿಸಿದರು. ಒಬ್ಬನೇ ಗಂಡಸು ಇಷ್ಟು ಅವರೆಕಾಯಿ ಏನು ಮಾಡುತ್ತಾನೆ ಎಂದು ಯಾರೂ ಕೇಳಲಿಲ್ಲ.

ಮಹೇಂದ್ರ ಹೆಲ್ಮೆಟ್ ಹಾಕಿಕೊಂಡು, ಮತ್ತೆ ತೆಗೆದು ಕೈಯಲ್ಲಿ ಹಿಡಿದುಕೊಂಡ. "ಬರ್ತೀನಿ ಮಾವ" ಎಂದ. "ಹೋಗ್ಬನ್ನಿ" ಎಂದರು ಜವರಪ್ಪ. "ಬರ್ತೀನಿ ಅತ್ತೆ." "ಹೋಗ್ಬನ್ನಿ, ನಿಧಾನಕ್ಕೆ ಹೋಗ್ಬನ್ನಿ." ಅನು ಹೊಸ್ತಿಲ ಒಳಗೆ ನಿಂತಿದ್ದಳು.

"ಬರ್ತೀನಿ ಅನು."

"ಹೋಗಿ."

ಮಂಗಳಮ್ಮ ಬೆಚ್ಚಿಬಿದ್ದು ಮಗಳ ತೋಳು ಹಿಡಿದರು. "ಹಂಗನ್ಬಾರ್ದು ಕಣಮ್ಮ. ಹೋಗ್ಬನ್ನಿ ಅನ್ನು."

"ಸರ್ಯಾಗೇ ಅಂದಿದೀನಿ ಕಣವ್ವ" ಎಂದಳು ಅನು. ಸ್ಕೂಟರ್ ಸ್ಟಾರ್ಟ್ ಆಗುವವರೆಗೂ ಅವಳು ಅಲ್ಲೇ ನಿಂತಿದ್ದಳು.